ಮಾಗಿಯ ಚಳಿಯಲ್ಲಿ ಮೊಡವೆಯ ಮುಖದ ಆರೈಕೆ

ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ಓದಿಗೆಂದು ಬೀದರಿಗೆ ಬಂದ ಮೊದಲ ವರ್ಷ, ಡಿಸೆಂಬರ್ ತಿಂಗಳ ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ಅವಳ ಮುಖ ನೋಡಿ ನನಗೆ ಗಾಬರಿಯಾಯಿತು. ಹಣೆಯ ಮೇಲೂ ಗದ್ದದ ಮೇಲೂ ಕೀವು ತುಂಬಿದ ಮೊಡವೆಗಳು ಎದ್ದಿದ್ದವು. ಅದೇ ಮುಖದಲ್ಲಿ ಮೂಗಿನ ಅಂಚು ಮತ್ತು ಬಾಯಿಯ ಎರಡೂ ಮೂಲೆಗಳಲ್ಲಿ ಚರ್ಮವು ಹೊಟ್ಟಿನಂತೆ ಬೆಳ್ಳಗೆ ಏಳುತ್ತಿತ್ತು. ಊರಿನಲ್ಲಿ ಎರಡು ವರ್ಷದಿಂದ ಬಳಸುತ್ತಿದ್ದ ಫೇಸ್‌ವಾಶನ್ನೇ, ಅಲ್ಲಿಯ ಚರ್ಮವೈದ್ಯರು ಮೊಡವೆಗೆಂದು ಬರೆದುಕೊಟ್ಟಿದ್ದ ಅಡಾಪಲೀನ್ ಜೆಲ್ಲನ್ನೇ ಅವಳು ಇಲ್ಲಿಯೂ ಬಳಸುತ್ತಿದ್ದಳು. "ನೀರು ಬಿದ್ದರೂ ಉರೀತದೆ ಚಿಕ್ಕಮ್ಮ" ಎಂದಳು. ಕೇಳುತ್ತ ಹೋದಂತೆ ಉಳಿದ ಸಂಗತಿಯೂ ಹೊರಗೆ ಬಂತು: ಮೊಡವೆ ಹೆಚ್ಚಿತೆಂದು ದಿನಕ್ಕೆ ನಾಲ್ಕು ಸಲ ಮುಖ ತೊಳೆಯುತ್ತಿದ್ದಳು, ಚರ್ಮ ಒಣಗಿತೆಂದು ಗೆಳತಿ ಕೊಟ್ಟ ಕೊಬ್ಬರಿ ಎಣ್ಣೆಯನ್ನು ರಾತ್ರಿ ಮುಖಕ್ಕೆಲ್ಲ ತಿಕ್ಕಿಕೊಂಡು ಮಲಗುತ್ತಿದ್ದಳು.

ಚಳಿಗಾಲದಲ್ಲಿ ಮೊಡವೆಯ ಮುಖ ಕೆಡುವುದಕ್ಕೆ ಮುಖ್ಯ ಕಾರಣ ಈ ಎರಡು ಕೆಲಸಗಳಲ್ಲಿಯೇ ಇದೆ. ನಮ್ಮ ಮಾತಿನಲ್ಲಿ ಜಿಡ್ಡು ಮತ್ತು ತೇವ ಎಂಬ ಎರಡು ಬೇರೆ ಬೇರೆ ಪದಗಳಿದ್ದರೂ ಮುಖದ ವಿಷಯ ಬಂದಾಗ ಅವೆರಡನ್ನೂ ಒಂದೇ ಎಂದು ಎಣಿಸುತ್ತೇವೆ. ಜಿಡ್ಡು ಎಂದರೆ ಕೂದಲ ಬುಡದ ಎಣ್ಣೆಗ್ರಂಥಿಗಳು ಸುರಿಸುವ ಸ್ರಾವ. ತೇವ ಎಂದರೆ ಚರ್ಮದ ಹೊರಪದರ ಹಿಡಿದಿಟ್ಟುಕೊಂಡ ನೀರು. ಒಂದೇ ಮುಖದಲ್ಲಿ ಜಿಡ್ಡು ಹೆಚ್ಚಾಗಿ ತೇವ ಕಡಿಮೆಯಾಗಿರಬಹುದು, ಮಾಗಿಯಲ್ಲಿ ಬಹುಮಟ್ಟಿಗೆ ಹಾಗೆಯೇ ಆಗುತ್ತದೆ. ಜಿಡ್ಡು ತೆಗೆಯಲು ಹೋಗಿ ತೇವವನ್ನು ಕಳೆದುಕೊಂಡು, ಕಳೆದುಹೋದ ತೇವಕ್ಕೆ ಬದಲಾಗಿ ಮತ್ತೆ ಜಿಡ್ಡನ್ನೇ ಬಳಿಯುವುದರಿಂದ ಎರಡೂ ಕಡೆಯಿಂದ ಕೆಡುಕಾಗುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕ್ರಮವೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಚಳಿಯಲ್ಲಿ ಚರ್ಮಕ್ಕೆ ಆಗುವುದೇನು

ಕರಾವಳಿಯ ಗಾಳಿಯಲ್ಲಿ ವರ್ಷವಿಡೀ ತೇವಾಂಶವಿರುತ್ತದೆ. ಬೀದರ, ಕಲಬುರಗಿ, ವಿಜಯಪುರದ ಬಯಲಿನಲ್ಲಿ ಡಿಸೆಂಬರ್ ಮತ್ತು ಜನವರಿಯ ಗಾಳಿ ಒಣ ಗಾಳಿ. ಬೀದರದಲ್ಲಿ ರಾತ್ರಿಯ ಉಷ್ಣಾಂಶ ಕೆಲವು ದಿನ 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ ಇಳಿಯುತ್ತದೆ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು: ಸತ್ತ ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಬಿಸಿನೀರು ಮತ್ತು ಸಾಬೂನು ಈ ಗಾರೆಯನ್ನು ಕರಗಿಸಿಕೊಂಡು ಹೋದಾಗ ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಔಷಧಿ ಬೇಕಾದದ್ದಕ್ಕಿಂತ ಹೆಚ್ಚು ಒಳಗಿಳಿದು ಉರಿ ಹುಟ್ಟಿಸುತ್ತದೆ.

ಎಣ್ಣೆಗ್ರಂಥಿಗಳು ಚಳಿ ಬಂತೆಂದು ಕೆಲಸ ನಿಲ್ಲಿಸುವುದಿಲ್ಲ. ಸತ್ತ ಜೀವಕೋಶಗಳು ಸರಿಯಾಗಿ ಉದುರದೆ ಕೂದಲ ರಂಧ್ರದ ಬಾಯಿಯಲ್ಲಿ ಬಿರಡೆಯಂತೆ ಕೂತಾಗ, ಹಿಂದೆ ನಿಂತ ಎಣ್ಣೆಯಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಬೆಳೆದು, ಸುತ್ತಲಿನ ಚರ್ಮ ಕೆಂಪಾಗಿ ಊದಿಕೊಂಡು ಮೊಡವೆಯಾಗುತ್ತದೆ. ಚಳಿಯಿಂದ ಕೆರಳಿದ ಚರ್ಮದಲ್ಲಿ ಈ ಊತ ಇನ್ನಷ್ಟು ಬೇಗ ಏಳುತ್ತದೆ. ಒಣಗಿದ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಹೆಚ್ಚು ಎಣ್ಣೆ ಸುರಿಸುತ್ತದೆ ಎಂದು ಅನೇಕರು ಬರೆಯುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೆ ಚರ್ಮ ಉರಿಯತೊಡಗಿದಾಗ ಜನ ಔಷಧಿಯನ್ನೇ ಬಿಟ್ಟುಬಿಡುತ್ತಾರೆ, ಮೊಡವೆ ಹೆಚ್ಚಲು ಅಷ್ಟೇ ಸಾಕು.

ಮುಖ ತೊಳೆಯುವ ಕ್ರಮ

ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಮುಖ ತೊಳೆಯಬಾರದು. ಚಳಿ ಬಿರುಸಾಗಿರುವ ವಾರಗಳಲ್ಲಿ ಬೆಳಗ್ಗೆ ಬರೀ ನೀರಿನಿಂದ ತೊಳೆದು, ರಾತ್ರಿ ಮಾತ್ರ ಫೇಸ್‌ವಾಶ್ ಬಳಸಿದರೂ ನಡೆಯುತ್ತದೆ. ಬಚ್ಚಲ ಹಂಡೆಯ ನೀರಾಗಲಿ ಗೀಸರಿನ ನೀರಾಗಲಿ, ಮೈಗೆ ಹಿತವೆನಿಸುವ ಬಿಸಿ ಮುಖಕ್ಕೆ ಹೆಚ್ಚಾಯಿತು ಎಂದೇ ತಿಳಿಯಬೇಕು. ಮೈಗೆ ಬಿಸಿನೀರು ಹಾಕಿಕೊಂಡು ಮುಖಕ್ಕೆ ಬೇರೆ ತಂಬಿಗೆಯಲ್ಲಿ ಉಗುರುಬೆಚ್ಚಗಿನ ನೀರನ್ನು ಬೆರೆಸಿಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ. ಷವರಿನಡಿ ನಿಂತು ಮುಖಕ್ಕೆ ನೇರವಾಗಿ ಬಿಸಿನೀರು ಬಿಟ್ಟುಕೊಳ್ಳುವವರು ಆ ಅಭ್ಯಾಸವನ್ನು ಮಾಗಿ ಕಳೆಯುವವರೆಗಾದರೂ ಬಿಡಬೇಕು.

ಸಾಬೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಪೊಟ್ಟಣದ ಮೇಲೆ ಟಿಎಫ್‌ಎಂ 76 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಅದು ಮೊದಲ ದರ್ಜೆಯ ಸಾಬೂನು, ಆದ್ದರಿಂದ ಮುಖಕ್ಕೂ ಒಳ್ಳೆಯದು ಎಂದು ಅಂಗಡಿಯವರೂ ಹೇಳುತ್ತಾರೆ. ಆ ಅಂಕಿ ಸಾಬೂನಿನಲ್ಲಿರುವ ಕೊಬ್ಬಿನಂಶದ ಅಳತೆಯಷ್ಟೇ. ಕ್ಷಾರಗುಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ಹೇಳುವುದು ಪಿಎಚ್ ಎಂಬ ಅಳತೆ, ಅಂಕಿ ಹೆಚ್ಚಿದಷ್ಟೂ ಕ್ಷಾರ ಹೆಚ್ಚು, ಇಳಿದಷ್ಟೂ ಆಮ್ಲ ಹೆಚ್ಚು. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸಾಬೂನಿನದು 9ರಿಂದ 10. ಆದ್ದರಿಂದ ಮುಖಕ್ಕೆ ಸಾಬೂನಿಲ್ಲದ, ನೊರೆ ಕಡಿಮೆ ಬರುವ, ಸೌಮ್ಯವಾದ ಕ್ಲೆನ್ಸರನ್ನೇ ಆರಿಸಿಕೊಳ್ಳಬೇಕು. ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಅರ್ಧ ಗಂಟೆ ಸುಮ್ಮನಿದ್ದು ನೋಡಿ: ನಕ್ಕಾಗ ಕೆನ್ನೆ ಬಿಗಿದುಕೊಂಡಂತಾದರೆ ಆ ಕ್ಲೆನ್ಸರ್ ನಿಮ್ಮ ಚಳಿಗಾಲಕ್ಕೆ ತೀರ ಖಾರವಾಯಿತೆಂದು ಅರ್ಥ. ಮುಖ ತೊಳೆದ ಮೇಲೆ ಕಿರಿಕಿರಿ ಸದ್ದು ಬರುವಷ್ಟು ಶುಭ್ರವಾದರೇ ಸಮಾಧಾನ ಎನ್ನುವವರಿದ್ದಾರೆ. ಆ ಸಮಾಧಾನಕ್ಕೆ ಚರ್ಮ ತನ್ನ ಗಾರೆಯನ್ನು ತೆರುತ್ತದೆ.

ಬೆರಳ ತುದಿಗಳಿಂದ ಅರ್ಧ ನಿಮಿಷ ತೊಳೆದರೆ ಸಾಕು. ಟವೆಲಿನಿಂದ ತಿಕ್ಕದೆ ಒತ್ತಿ ಒತ್ತಿ ನೀರು ಹೀರಿಸಬೇಕು, ಮುಖದಲ್ಲಿ ಇನ್ನೂ ತುಸು ಪಸೆ ಇರುವಾಗಲೇ ಮುಂದಿನ ಕೆಲಸಕ್ಕೆ ಹೋಗಬೇಕು.

ತೇವ ಕಟ್ಟುವುದು

ಮೊಡವೆ ಇರುವವರು ಮಾಯಿಶ್ಚರೈಸರ್ ಹಚ್ಚಬಾರದು ಎಂಬ ನಂಬಿಕೆ ಅವರಿಗೆ ಮಾಡಿರುವ ಹಾನಿ ಸಣ್ಣದಲ್ಲ. ಸರಿಯಾದ ಮಾಯಿಶ್ಚರೈಸರ್ ಇಲ್ಲದೆ ಯಾವ ಮೊಡವೆ ಔಷಧಿಯನ್ನೂ ಚಳಿಗಾಲದುದ್ದಕ್ಕೂ ಬಳಸಲು ಆಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊಳ್ಳುವಾಗ ಟ್ಯೂಬಿನ ಹಿಂಬದಿಯನ್ನು ಓದಬೇಕು. ಗ್ಲಿಸರಿನ್ ಮತ್ತು ಹಯಲ್ಯುರೋನಿಕ್ ಆಮ್ಲ ನೀರನ್ನು ಹಿಡಿದಿಡುತ್ತವೆ. ಸೆರಮೈಡ್ ಗಾರೆಯನ್ನು ತುಂಬಿಕೊಡುತ್ತದೆ. ಡೈಮೆಥಿಕೋನ್ ಮೇಲೆ ತೆಳುವಾಗಿ ಹರಡಿ ನೀರು ಆರದಂತೆ ತಡೆಯುತ್ತದೆ. ನಯಾಸಿನಮೈಡ್ ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತದೆ. ಕೊಬ್ಬರಿ ಎಣ್ಣೆ ಅಥವಾ ಕೋಕೋ ಬೆಣ್ಣೆ ಮೇಲಿನ ಸಾಲುಗಳಲ್ಲಿ ಕಂಡರೆ ಅದನ್ನು ಕೈಕಾಲಿಗೆ ಬಿಡಬೇಕು. ಸುವಾಸನೆ ಬೆರೆಸದ್ದು ಸಿಕ್ಕರೆ ಅದೇ ಲೇಸು. ‘ನಾನ್ ಕೊಮೆಡೊಜೆನಿಕ್’, ಅಂದರೆ ರಂಧ್ರ ಮುಚ್ಚದಿರುವುದು, ಎಂಬ ಬರಹ ಒಳ್ಳೆಯ ಸೂಚನೆಯೇ, ಆದರೆ ನಿಮ್ಮ ಮುಖಕ್ಕೆ ಅದೇ ಖಾತರಿಯಲ್ಲ. ಹೊಸದನ್ನು ತಂದಾಗ ದವಡೆಯ ಒಂದು ಪಕ್ಕಕ್ಕೆ ಮಾತ್ರ ಕೆಲವು ದಿನ ಹಚ್ಚಿ ನೋಡಿ. ಉರಿ ಬೇಗ ಗೊತ್ತಾಗುತ್ತದೆ. ರಂಧ್ರ ಮುಚ್ಚಿ ಗುಳ್ಳೆ ಏಳುವುದಕ್ಕೆ ಕೆಲವು ವಾರಗಳೇ ಬೇಕು, ಆದ್ದರಿಂದ ಒಂದೇ ತಿಂಗಳಲ್ಲಿ ಎರಡು ಮೂರು ಹೊಸ ವಸ್ತುಗಳನ್ನು ಶುರುಮಾಡಿದರೆ ತಪ್ಪು ಯಾವುದರದೆಂದು ತಿಳಿಯುವುದೇ ಇಲ್ಲ.

ದುಡ್ಡಿನ ಅಡಚಣೆ ಇರುವವರಿಗೆ ಮೆಡಿಕಲ್ ಅಂಗಡಿಯ ಗ್ಲಿಸರಿನ್ ಸೀಸೆಯೂ ಕೆಲಸಕ್ಕೆ ಬರುತ್ತದೆ. ಅದನ್ನು ಹಾಗೆಯೇ ಹಚ್ಚಬಾರದು. ಒದ್ದೆ ಅಂಗೈಯಲ್ಲಿ ಎರಡು ಮೂರು ಹನಿ ಹಾಕಿ ನೀರಿನೊಂದಿಗೆ ಬೆರೆಸಿ ಹಚ್ಚಬೇಕು. ಅದರೊಂದಿಗೆ ನಿಂಬೆರಸ ಸೇರಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ: ನಿಂಬೆರಸದ ಪಿಎಚ್ ಸುಮಾರು 2, ಬಿರಿದ ಚರ್ಮಕ್ಕೆ ಅದು ಔಷಧಿಯಲ್ಲ, ಆಮ್ಲ. ಪೆಟ್ರೋಲಿಯಂ ಜೆಲ್ಲಿ ಅಂಟಂಟಾದರೂ ತಾನಾಗಿ ರಂಧ್ರ ಮುಚ್ಚುವ ವಸ್ತುವಲ್ಲ. ತುಟಿಗೆ, ಮೂಗಿನ ಅಂಚಿಗೆ, ಬಾಯಿಯ ಮೂಲೆಗೆ ತೆಳುವಾಗಿ ಸವರಿಕೊಳ್ಳಬಹುದು.

ಕೊಬ್ಬರಿ ಎಣ್ಣೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ನಮ್ಮ ಮನೆಗಳಲ್ಲಿ ಬರೀ ಎಣ್ಣೆಯಲ್ಲ, ತಾಯಿ ಅಜ್ಜಿಯರ ಕೈಯ ಅಕ್ಕರೆಯೂ ಹೌದು. ಒಡೆದ ಹಿಮ್ಮಡಿಗೆ, ಬಿರಿದ ಮೊಣಕಾಲಿಗೆ, ಕೈಗಳಿಗೆ ಅದು ಒಳ್ಳೆಯದೇ. ಮೊಡವೆ ಏಳುವ ಮುಖಕ್ಕೆ ಮಾತ್ರ ಅದು ರಂಧ್ರದ ಬಿರಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನರಕ ಚತುರ್ದಶಿಯ ಅಭ್ಯಂಜನವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಣೆಯ ಕೂದಲಂಚಿನಿಂದ ಎರಡು ಬೆರಳು ಹಿಂದೆ ಎಣ್ಣೆ ನಿಲ್ಲಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆದು, ಕಡೆಯಲ್ಲಿ ಮುಖವನ್ನೂ ಕತ್ತಿನ ಹಿಂಭಾಗವನ್ನೂ ಬೇರೆಯಾಗಿ ತೊಳೆದುಕೊಂಡರೆ ಸಂಪ್ರದಾಯವೂ ಉಳಿಯುತ್ತದೆ, ಹಣೆಯೂ ಉಳಿಯುತ್ತದೆ. ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗಿದರೆ ಅದು ದಿಂಬಿನ ಮೂಲಕ ಕೆನ್ನೆಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಔಷಧಿಯನ್ನು ಬಿಡದೆ ಚಳಿಗೆ ಹೊಂದಿಸುವುದು

ಅಡಾಪಲೀನ್ ರಂಧ್ರದ ಬಾಯಿಯಲ್ಲಿ ಬಿರಡೆ ಕಟ್ಟದಂತೆ ನೋಡಿಕೊಳ್ಳುವ ಔಷಧಿ. ಅದರ ಫಲ ಕಾಣಲು 8ರಿಂದ 12 ವಾರ ಬೇಕು, ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆಯೂ ಕಾಣಬಹುದು. ಎದ್ದ ಮೊಡವೆಯ ಮೇಲೆ ಮಾತ್ರ ಚುಕ್ಕಿ ಇಡುವುದು ತಪ್ಪು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದಗಳಿಗೆ ಹಂಚಿ ತೆಳುವಾಗಿ ಹರಡಬೇಕು. ಅಕ್ಕನ ಮಗಳು ಬೆರಳ ಒಂದು ಗೆಣ್ಣಿನುದ್ದ ಹಿಂಡಿಕೊಳ್ಳುತ್ತಿದ್ದಳು. ಕರಾವಳಿಯ ಸೆಕೆಯಲ್ಲಿ ಅಷ್ಟನ್ನೂ ತಾಳಿಕೊಂಡಿದ್ದ ಚರ್ಮ ಬೀದರದ ಗಾಳಿಯಲ್ಲಿ ಸೋತಿತು.

ಅವಳ ವೈದ್ಯರಿಗೆ ಫೋನು ಮಾಡಿ ಕೇಳಿದ ಮೇಲೆ ಅವರು ಹೇಳಿದ ಕ್ರಮ ಹೀಗಿತ್ತು. ಮೊದಲ ಹತ್ತು ದಿನ ಎಲ್ಲ ಔಷಧಿಯನ್ನೂ ನಿಲ್ಲಿಸಿ, ಸೌಮ್ಯ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರನ್ನೇ ಬಳಸಬೇಕು. ನೀರು ಬಿದ್ದರೆ ಉರಿಯುವುದು ನಿಂತು, ಹೊಟ್ಟೇಳುವುದು ಕಡಿಮೆಯಾದ ಮೇಲೆ, ಎರಡು ರಾತ್ರಿ ಬಿಟ್ಟು ಒಂದು ರಾತ್ರಿ ಅಡಾಪಲೀನ್ ಶುರುಮಾಡಬೇಕು. ಹಚ್ಚುವ ರಾತ್ರಿ ಮುಖ ತೊಳೆದು ಒರೆಸಿ, ಮೂಗಿನ ಅಂಚಿಗೂ ತುಟಿಯ ಮೂಲೆಗೂ ಪೆಟ್ರೋಲಿಯಂ ಜೆಲ್ಲಿ ಸವರಿ, ಮೊದಲು ಮಾಯಿಶ್ಚರೈಸರಿನ ಒಂದು ತೆಳು ಪದರ. ಅದು ಆರಿ ಚರ್ಮ ಪೂರ್ತಿ ಒಣಗಲು ಇಪ್ಪತ್ತು ನಿಮಿಷ. ಆಮೇಲೆ ಬಟಾಣಿಯಷ್ಟು ಅಡಾಪಲೀನ್. ಕಡೆಗೆ ಬೇಕೆನಿಸಿದರೆ ಇನ್ನೊಂದು ಪದರ ಮಾಯಿಶ್ಚರೈಸರ್. ಒದ್ದೆ ಮುಖಕ್ಕೆ ಮಾಯಿಶ್ಚರೈಸರ್ ಒಳ್ಳೆಯದು, ಅಡಾಪಲೀನ್ ಒಳ್ಳೆಯದಲ್ಲ; ಈ ಒಂದು ಮಾತನ್ನು ಅವಳು ಹಾಸ್ಟೆಲಿನ ಕನ್ನಡಿಯ ಮೇಲೆ ಚೀಟಿ ಬರೆದು ಅಂಟಿಸಿಕೊಂಡಿದ್ದಳು. ಮೂರು ವಾರಕ್ಕೆ ರಾತ್ರಿ ಬಿಟ್ಟು ರಾತ್ರಿಗೆ ಬಂದಳು, ಆ ಚಳಿಗಾಲವೆಲ್ಲ ಅಷ್ಟರಲ್ಲೇ ನಿಂತಳು. ಬಸುರಿಯರು ಮತ್ತು ಬಸುರಿಯಾಗಲು ಬಯಸುವವರು ಅಡಾಪಲೀನ್ ಬಳಸಬಾರದು. ಅವರು ಬೇರೆ ಔಷಧಿಯನ್ನು ವೈದ್ಯರಿಂದಲೇ ಕೇಳಿ ಪಡೆಯಬೇಕು.

ಮೊಡವೆಯ ಸೂಕ್ಷ್ಮಾಣುವನ್ನು ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ ಬಳಸುವವರು 2.5 ಶೇಕಡಾದ್ದನ್ನು ಕೇಳಿ ತೆಗೆದುಕೊಳ್ಳಿ. 10 ಶೇಕಡಾದ್ದು ಹೆಚ್ಚು ಒಣಗಿಸುತ್ತದೆಯೇ ಹೊರತು ಮೊಡವೆಯ ಮೇಲೆ ಅದರ ಪರಿಣಾಮ ಅಷ್ಟೇನೂ ಹೆಚ್ಚಿನದಲ್ಲ. ಚಳಿಯಲ್ಲಿ ಅದನ್ನು ಹಚ್ಚಿ ಕೆಲವೇ ನಿಮಿಷ ಬಿಟ್ಟು ತೊಳೆದುಬಿಡುವ ಕ್ರಮ ಅನೇಕರಿಗೆ ಹೊಂದುತ್ತದೆ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ, ಆದ್ದರಿಂದ ಬಣ್ಣದ ಸ್ವೆಟರ್, ದಿಂಬಿನ ಚೀಲಗಳ ಬಗ್ಗೆ ಎಚ್ಚರ. ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್, ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಮೂರನ್ನೂ ಮಾಗಿಯಲ್ಲಿ ಒಟ್ಟಿಗೆ ನಡೆಸುವುದು ಬಹುಪಾಲು ಮುಖಗಳಿಗೆ ಅತಿಯಾಗುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಮೊದಲು ಬಿಡಬೇಕಾದದ್ದು ಆ ಫೇಸ್‌ವಾಶನ್ನು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಸಕ್ಕರೆಯ ಸ್ಕ್ರಬ್, ಟೂತ್‌ಪೇಸ್ಟ್, ಅಡಿಗೆ ಸೋಡ ಇವುಗಳಿಗೆ ಚಳಿಗಾಲದ ಮೊಡವೆ ಮುಖದಲ್ಲಿ ಜಾಗವಿಲ್ಲ.

ಒಂದು ವಿಷಯದಲ್ಲಿ ನಾನು ಕಟುವಾಗಿಯೇ ಬರೆಯುತ್ತೇನೆ. ಅದೇ ಡಿಸೆಂಬರಿನಲ್ಲಿ ಒಂದು ಔಷಧದಂಗಡಿಯಲ್ಲಿ ಅಕ್ಕನ ಮಗಳು ಉರಿಯ ಕಥೆ ಹೇಳಿದಾಗ, ಚೀಟಿ ಕೇಳದೆಯೇ ಒಂದು ಸಣ್ಣ ಟ್ಯೂಬ್ ಕೊಟ್ಟು "ಮೂರು ದಿನದಾಗ ಮುಖ ತಿಳಿ ಆಗ್ತದ" ಎಂದಿದ್ದರು. ನಾನು ಅದನ್ನು ಕೈಗೆ ತೆಗೆದುಕೊಂಡು ಓದಿದಾಗ ಒಳಗಿದ್ದದ್ದು ಕ್ಲೋಬೆಟಾಸಾಲ್, ತೀರ ಬಲವಾದ ಸ್ಟೆರಾಯ್ಡ್. ಮೂರು ದಿನದಲ್ಲಿ ಕೆಂಪು ಇಳಿಯುವುದು ನಿಜ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಕೂದಲು ಬೆಳೆಯಬಹುದು, ಸ್ಟೆರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ, ಬಿಟ್ಟರೆ ಮುಖ ಬೆಂಕಿಯಂತಾಗುತ್ತದೆ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಟ್ಯೂಬಿನ ಮೇಲಿದ್ದರೆ ಚರ್ಮವೈದ್ಯರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಬಹಳ ಕಾಲದಿಂದ ಹಚ್ಚುತ್ತಿರುವವರು ತಾವಾಗಿಯೇ ಒಮ್ಮೆಗೇ ನಿಲ್ಲಿಸದೆ, ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ.

ಬಿಸಿಲು, ಬಟ್ಟೆ, ಹೊಟ್ಟು, ಊಟ

ಚಳಿಗಾಲದಲ್ಲಿ ಎಳೆಬಿಸಿಲಿಗೆ ಮೈ ಕಾಯಿಸುತ್ತ ಕೂರುವುದು ಸುಖ. ಆದರೆ ನಮ್ಮ ಕಂದು ಚರ್ಮದಲ್ಲಿ ಮೊಡವೆ ಆರಿದ ಮೇಲೆ ಉಳಿಯುವ ಕಪ್ಪು ಕಲೆಯನ್ನು ಬಿಸಿಲು ಇನ್ನಷ್ಟು ಗಾಢವಾಗಿಸುತ್ತದೆ, ಮೋಡವಿಲ್ಲದ ಮಾಗಿಯ ಆಕಾಶ ಅದಕ್ಕೆ ಅಡ್ಡಿಯನ್ನೇ ಒಡ್ಡುವುದಿಲ್ಲ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ತೋರುಬೆರಳು ಮತ್ತು ನಡುಬೆರಳಿನುದ್ದಕ್ಕೆ ಹಿಂಡಿದಷ್ಟು ತೆಗೆದುಕೊಂಡು ಮುಖ ಮತ್ತು ಕತ್ತಿಗೆ ಹಚ್ಚಬೇಕು. ಬೇಸಿಗೆಯಲ್ಲಿ ಹೊಂದುವ ಜೆಲ್ ರೂಪದ್ದು ಚಳಿಯಲ್ಲಿ ಬಿಗಿದರೆ ಲೋಷನ್ ರೂಪದ್ದಕ್ಕೆ ಬದಲಿಸಿ. ಕಲೆ ಹೆಚ್ಚಾಗಿರುವವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಮಫ್ಲರ್, ಮಂಕಿ ಕ್ಯಾಪ್, ಹೆಲ್ಮೆಟ್ಟಿನ ಪಟ್ಟಿ ಇವು ದವಡೆಗೂ ಹಣೆಗೂ ಉಜ್ಜುತ್ತಲೇ ಇರುತ್ತವೆ; ಒಳಗೆ ಬೆವರು ಮತ್ತು ಜಿಡ್ಡು ನಿಲ್ಲುತ್ತದೆ. ದವಡೆಯ ಗೆರೆಯಲ್ಲೇ ಸಾಲಾಗಿ ಗುಳ್ಳೆ ಏಳುತ್ತಿದ್ದರೆ ಮೊದಲು ಮಫ್ಲರನ್ನು ಅನುಮಾನಿಸಿ. ಉಣ್ಣೆಯ ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟುಕೊಂಡು, ಅದನ್ನು ಎರಡು ದಿನಕ್ಕೊಮ್ಮೆ ಒಗೆಯುವುದು ಸುಲಭದ ಉಪಾಯ. ಒರಟು ಕಂಬಳಿಯನ್ನು ಮುಖದ ಮೇಲೆ ಮುಸುಕೆಳೆದು ಮಲಗುವವರೂ ಹೀಗೆಯೇ ಒಂದು ಹಳೆಯ ಸೀರೆಯ ತುಂಡನ್ನು ಅಂಚಿಗೆ ಹೊಲಿದುಕೊಳ್ಳಬಹುದು.

ತಲೆಹೊಟ್ಟು ಚಳಿಯಲ್ಲಿ ಹೆಚ್ಚುತ್ತದೆ. ಹಣೆಯಲ್ಲಿ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳೆದ್ದು ತುರಿಕೆಯೂ ಇದ್ದರೆ ಅದು ಮೊಡವೆಯಾಗಿರದೆ, ಮಲಸೇಜಿಯ ಎಂಬ ಶಿಲೀಂಧ್ರದಿಂದಾದ ಗುಳ್ಳೆಯಾಗಿರಬಹುದು. ಅದಕ್ಕೆ ಮೊಡವೆಯ ಔಷಧಿ ನಾಟುವುದಿಲ್ಲ, ಎಣ್ಣೆ ಹಚ್ಚಿದರೆ ಹೆಚ್ಚುತ್ತದೆ, ವೈದ್ಯರಿಗೆ ತೋರಿಸಬೇಕು.

ಊಟದ ವಿಷಯದಲ್ಲಿ ನಮ್ಮವರು ಮಕ್ಕಳನ್ನು ಬೇಡದ ಭಯಕ್ಕೆ ದೂಡುತ್ತಾರೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಗಳನ್ನೂ ಸಂಕ್ರಾಂತಿಯ ಎಳ್ಳು ಬೆಲ್ಲವನ್ನೂ ಉಷ್ಣವೆಂದು ಮುಂದಿನಿಂದ ಎತ್ತಿಡುವುದು ನ್ಯಾಯವಲ್ಲ. ಸಕ್ಕರೆ, ಮೈದಾ ತಿನಿಸು, ಹಾಲು ಮತ್ತು ಜಿಮ್ಮಿನ ವೇ ಪ್ರೋಟೀನ್ ಪುಡಿಗೆ ಮೊಡವೆಯೊಂದಿಗೆ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಅವನ್ನು ದಿನವೂ ಹೆಚ್ಚು ತೆಗೆದುಕೊಳ್ಳುವವರು ಕಡಿಮೆ ಮಾಡಿ ನೋಡಬಹುದು. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಚೊಂಬುಗಟ್ಟಲೆ ಕುಡಿದರೂ ಬಿರಿದ ಕೆನ್ನೆ ಕೂಡಿಕೊಳ್ಳುವುದಿಲ್ಲ. ಲಂಡನ್, ಟೊರಾಂಟೊಗಳಲ್ಲಿರುವ ನಮ್ಮವರಿಗೆ ಹೊರಗಿನ ಚಳಿಗಿಂತ ಮನೆಯೊಳಗಿನ ಹೀಟರಿನ ಒಣಗಾಳಿಯೇ ಹೆಚ್ಚು ಕಾಡುವುದರಿಂದ, ಮಲಗುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಟ್ಟು ಅದನ್ನು ಶುಚಿಯಾಗಿ ಕಾಯ್ದುಕೊಳ್ಳುವುದು ಒಳ್ಳೆಯದು.

ವೈದ್ಯರ ಬಳಿಗೆ ಯಾವಾಗ

ಒತ್ತಿದರೆ ನೋಯುವ ಆಳದ ಗಂಟುಗಳು, ಗುಳಿ ಬೀಳುತ್ತಿರುವ ಕಲೆಗಳು, ಮುಟ್ಟಿನ ಏರುಪೇರಿನೊಂದಿಗೆ ಗದ್ದದ ಮೇಲೆ ಕೂದಲು, ಮೂರು ತಿಂಗಳ ಸರಿಯಾದ ಆರೈಕೆಗೂ ಬಗ್ಗದ ಮೊಡವೆ, ಮುಖ ತೋರಿಸಲಾರದೆ ಕಾಲೇಜಿಗೆ ಹೋಗುವುದನ್ನೇ ತಪ್ಪಿಸುವ ಮಟ್ಟದ ದುಃಖ: ಇವುಗಳಲ್ಲಿ ಒಂದಿದ್ದರೂ ಮನೆಮದ್ದಿಗೆ ಕಾಯಬಾರದು. ತೀವ್ರವಾದ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗೆ ತುಟಿ ಒಡೆಯುವುದು ಯಾವ ಕಾಲದಲ್ಲೂ ಇದ್ದದ್ದೇ, ಮಾಗಿಯಲ್ಲಿ ಅದು ರಕ್ತ ಬರುವಷ್ಟಾಗುತ್ತದೆ. ತುಟಿಗೆ ದಿನಕ್ಕೆ ಹಲವು ಸಲ ಪೆಟ್ರೋಲಿಯಂ ಜೆಲ್ಲಿ ಬೇಕು, ಮುಖಕ್ಕೆ ವ್ಯಾಕ್ಸಿಂಗ್ ಬೇಡ. ಆ ಮಾತ್ರೆ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಅದನ್ನು ನುಂಗುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ ಎನ್ನುತ್ತಾರಲ್ಲ, ಅಲ್ಲಿಂದ ಕ್ರಮವನ್ನು ಹಿಂದಕ್ಕೆ ತಿರುಗಿಸುತ್ತ ಬನ್ನಿ. ಮೊದಲು ಅಡಾಪಲೀನಿನ ಮೇಲಿನ ಎರಡನೆಯ ಪದರವನ್ನು ಬಿಡಿ, ವಾರದ ನಂತರ ಮೊದಲ ಪದರವನ್ನೂ ಜೆಲ್ಲಿನ ಮೇಲಕ್ಕೆ ಸರಿಸಿ, ಉರಿ ಇಲ್ಲದಿದ್ದರೆ ವಾರಕ್ಕೆ ಒಂದೊಂದು ರಾತ್ರಿ ಹೆಚ್ಚಿಸುತ್ತ ದಿನವೂ ಹಚ್ಚುವಲ್ಲಿಗೆ ಬನ್ನಿ. ಅಕ್ಕನ ಮಗಳು ಯುಗಾದಿಯ ಹೊತ್ತಿಗೆ ಅಲ್ಲಿಗೆ ತಲುಪಿದಳು. ಬೇಸಿಗೆ ರಜೆಗೆ ಮಂಗಳೂರಿಗೆ ಹೊರಟಾಗ, ದಪ್ಪನೆಯ ಮಾಯಿಶ್ಚರೈಸರಿನ ಡಬ್ಬಿಯನ್ನು ಮುಂದಿನ ಡಿಸೆಂಬರಿಗಿರಲಿ ಎಂದು ಮುಚ್ಚಳ ಬಿಗಿಮಾಡಿ ನನ್ನ ಕಪಾಟಿನಲ್ಲಿಟ್ಟು ಹೋದಳು. ತೆರೆದ ಡಬ್ಬಿಯನ್ನು ಎಷ್ಟು ತಿಂಗಳೊಳಗೆ ಬಳಸಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ, ಅದನ್ನು ಓದಿ ನೋಡಿದೆ: ಹನ್ನೆರಡು ತಿಂಗಳು.